ಜಯನಗರದ ಕಾಂಪೌಂಡಿನಲ್ಲಿ ಹಮ್ಮಿಂಗ್‌ಬರ್ಡ್ ಇದೆಯೆ?

ನಮ್ಮ ಕಾರ್ಯಕ್ರಮಕ್ಕೆ ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. "ನಮ್ಮ ಮನೆಯ ದಾಸವಾಳದ ಗಿಡಕ್ಕೆ ಪ್ರತಿದಿನ ಬೆಳಿಗ್ಗೆ ಹಮ್ಮಿಂಗ್‌ಬರ್ಡ್ ಬರುತ್ತದೆ. ನೀವು ಬಂದರೆ ತೋರಿಸುತ್ತೇವೆ." ಒಮ್ಮೆ ಜಯನಗರದಿಂದ, ಇನ್ನೊಮ್ಮೆ ಬನಶಂಕರಿಯಿಂದ, ಮತ್ತೊಮ್ಮೆ ಜೆ.ಪಿ. ನಗರದಿಂದ ಬಂದ ಪತ್ರ. ಬರೆದವರು ಸುಳ್ಳು ಹೇಳುತ್ತಿಲ್ಲ. ಹೆಬ್ಬೆರಳಿನಷ್ಟೇ ದೊಡ್ಡದೆನಿಸುವ, ಬಿಸಿಲಿಗೆ ಥಳಥಳಿಸುವ, ಬಾಗಿದ ಸೂಜಿಯಂಥ ಕೊಕ್ಕಿನ ಹಕ್ಕಿಯೊಂದು ಹೂವಿನೊಳಗೆ ಕೊಕ್ಕು ಇಳಿಸಿ ಮಕರಂದ ಹೀರುವುದನ್ನು ಅವರು ನಿಜವಾಗಿಯೂ ಕಂಡಿದ್ದಾರೆ. ಆದರೆ ಅದು ಹಮ್ಮಿಂಗ್‌ಬರ್ಡ್ ಅಲ್ಲ.

ಹಮ್ಮಿಂಗ್‌ಬರ್ಡ್‌ಗಳು ಇಂದು ಕಾಡಿನಲ್ಲಿ ಬದುಕಿರುವುದು ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳಲ್ಲಿ ಹಾಗೂ ಅವುಗಳ ಸುತ್ತಲಿನ ದ್ವೀಪಗಳಲ್ಲಿ ಮಾತ್ರ. ಅಲ್ಲಿ ಸುಮಾರು 360 ಜಾತಿಗಳಿವೆ. ಏಷ್ಯಾದಲ್ಲಿ ಒಂದೂ ಇಲ್ಲ. ಹಾಗಾದರೆ ನಿಮ್ಮ ಕಾಂಪೌಂಡಿಗೆ ಬಂದದ್ದು ಯಾವುದು? ಅದಕ್ಕೆ ಕನ್ನಡದಲ್ಲಿ ಚೆಂದದ ಹೆಸರೇ ಇದೆ: ಸೂರಕ್ಕಿ. ಏಷ್ಯಾ, ಆಫ್ರಿಕ ಮತ್ತು ಆಸ್ಟ್ರೇಲಿಯದ ಉತ್ತರ ಅಂಚಿನವರೆಗೆ ಹಬ್ಬಿರುವ ಈ ಕುಟುಂಬದಲ್ಲಿ 140ಕ್ಕೂ ಹೆಚ್ಚು ಜಾತಿಗಳಿವೆ.

"ಹೆಸರು ಯಾವುದಾದರೇನು, ಎರಡೂ ಹೂವಿನ ರಸ ಕುಡಿಯುವ ಹಕ್ಕಿಗಳೇ ಅಲ್ಲವೆ?" ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಇವೆರಡೂ ಬೇರೆ ಬೇರೆ ಎಂದು ತಿಳಿದಾಗಲೇ ಕಥೆ ಸ್ವಾರಸ್ಯವಾಗುತ್ತದೆ. ಸಂಬಂಧವೇ ಇಲ್ಲದ ಎರಡು ಹಕ್ಕಿಗಳು ಎರಡು ಖಂಡಗಳಲ್ಲಿ ಒಂದೇ ಕಸುಬು ಹಿಡಿದು, ಕೊನೆಗೆ ಒಂದೇ ವೇಷ ತೊಟ್ಟದ್ದು ಹೇಗೆ? ಈ ಲೇಖನದ ವಿಷಯ ಅದೇ.

ಮೊದಲು ಗುರುತು ಹಿಡಿಯೋಣ

ದಕ್ಷಿಣ ಬೆಂಗಳೂರಿನಲ್ಲಿ ನಿಮ್ಮ ಕಣ್ಣಿಗೆ ಬೀಳುವ ಸೂರಕ್ಕಿಗಳು ಮುಖ್ಯವಾಗಿ ಮೂರು ಬಗೆ.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಬೆನ್ನಿನ ಕೆಳಭಾಗದಲ್ಲಿ ನೇರಳೆ ಬಣ್ಣವಿರುವ ಸೂರಕ್ಕಿ. ಗಂಡಿನ ನೆತ್ತಿಯ ಮೇಲೆ ಹೊಳೆಯುವ ಹಸಿರು ಮಚ್ಚೆ, ಕತ್ತಿನಲ್ಲಿ ನೇರಳೆ, ಬೆನ್ನು ಕಡುಗೆಂಪು, ಎದೆಯ ಕೆಳಗೆ ಹಳದಿ. ಹೆಣ್ಣಿನ ಮೈಬಣ್ಣ ಸರಳ: ಮೇಲೆ ಕಂದು, ಕತ್ತು ಬೂದು ಬಿಳಿ, ಎದೆ ಹಳದಿ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅಳೆದರೂ ಹತ್ತು ಸೆಂಟಿಮೀಟರ್ ದಾಟದು. ತೂಕ ಹೆಚ್ಚು ಕಡಿಮೆ ಎರಡು ಒಂದು ರೂಪಾಯಿ ನಾಣ್ಯಗಳಷ್ಟು. ಈ ಜಾತಿ ಭಾರತ ಉಪಖಂಡ ಬಿಟ್ಟು ಬೇರೆಲ್ಲೂ ಇಲ್ಲ.

ಎರಡನೆಯದು ನೇರಳೆ ಸೂರಕ್ಕಿ. ದೂರದಿಂದ ನೋಡಿದರೆ ಗಂಡು ಅಪ್ಪಟ ಕಪ್ಪು. ಬಿಸಿಲು ಬಿದ್ದಾಗ ಮಾತ್ರ ನೀಲಿ ನೇರಳೆಯಾಗಿ ಮಿನುಗುತ್ತದೆ. ಮರಿ ಮಾಡುವ ಕಾಲ ಮುಗಿದ ಮೇಲೆ ಈ ಗಂಡು ತನ್ನ ಹೊಳಪನ್ನು ಕಳಚಿ ಹೆಣ್ಣಿನಂತೆಯೇ ಕಾಣತೊಡಗುತ್ತದೆ. ಗಂಟಲಿನಿಂದ ಹೊಟ್ಟೆಯ ಕಡೆಗೆ ಎಳೆದ ಒಂದು ಕಪ್ಪು ಪಟ್ಟಿಯಷ್ಟೇ ಅದರ ಗುರುತು.

ಮೂರನೆಯದು ಲೋಟನ್ ಸೂರಕ್ಕಿ. ಇದೂ ಕಪ್ಪೇ. ಆದರೆ ಕೊಕ್ಕು ಹೆಚ್ಚು ಉದ್ದ, ಹೆಚ್ಚು ಬಾಗು. ಗಂಡಿನ ಎದೆಗೆ ಅಡ್ಡಲಾಗಿ ಕಡುಗೆಂಪು ಪಟ್ಟಿ, ಹೊಟ್ಟೆ ಕಂದು.

ಇನ್ನೊಂದು ಮೋಸಗಾರನೂ ಇದೆ. ಸಂಜೆಯ ಹೊತ್ತು ಹೂವಿನ ಮುಂದೆ ಗಾಳಿಯಲ್ಲಿ ನಿಂತು ಗುಂಯ್ ಎನ್ನುತ್ತಾ ರಸ ಹೀರುವುದು ಕಂಡರೆ, ಅದಕ್ಕೆ ಮೀಸೆಯಂಥ ಎರಡು ಸ್ಪರ್ಶಾಂಗಗಳಿವೆಯೆ ನೋಡಿ. ಇದ್ದರೆ ಅದು ಹಕ್ಕಿಯೇ ಅಲ್ಲ, ಹಾಕ್‌ಮಾತ್ ಎಂಬ ಪತಂಗ. ಅದು ಕುಡಿಯುವುದು ಕೊಕ್ಕಿನಿಂದಲ್ಲ, ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಡುವ ನಳಿಕೆಯಿಂದ.

ನಿಂತು ಹಾರುವುದು, ಕೂತು ಕುಡಿಯುವುದು

ಹಮ್ಮಿಂಗ್‌ಬರ್ಡ್‌ಗೆ ಆ ಹೆಸರು ಬಂದದ್ದು ಅದರ ರೆಕ್ಕೆಯ ಗುಂಯ್‌ಗುಡುವ ಸದ್ದಿನಿಂದ. ಚಿಕ್ಕ ಜಾತಿಗಳು ಸೆಕೆಂಡಿಗೆ 50 ಬಾರಿ, ಅದಕ್ಕಿಂತ ಹೆಚ್ಚೂ, ರೆಕ್ಕೆ ಬಡಿಯುತ್ತವೆ. ನಮ್ಮ ದೇಶದ ಟೆಲಿವಿಷನ್ನಿನಲ್ಲಿ ಸೆಕೆಂಡಿಗೆ 25 ಚಿತ್ರಗಳು ಓಡುತ್ತವೆ. ಅಂದರೆ ಒಂದು ಚಿತ್ರದ ಅವಧಿಯಲ್ಲಿ ಹಕ್ಕಿ ಎರಡು ಸಲ ರೆಕ್ಕೆ ಬಡಿದು ಮುಗಿಸಿರುತ್ತದೆ. ಸಾಮಾನ್ಯ ಕ್ಯಾಮೆರಾದಲ್ಲಿ ತೆಗೆದರೆ ರೆಕ್ಕೆಯ ಜಾಗದಲ್ಲಿ ಮಬ್ಬು ಮಾತ್ರ ಕಾಣುವುದಕ್ಕೆ ಕಾರಣ ಇದೇ. ರೆಕ್ಕೆಯ ಚಲನೆಯನ್ನು ಬಿಡಿಸಿ ನೋಡಲು ಸೆಕೆಂಡಿಗೆ ನೂರಾರು, ಸಾವಿರಾರು ಚಿತ್ರ ತೆಗೆಯುವ ಕ್ಯಾಮೆರಾ ಬೇಕು.

ಅಂಥ ಕ್ಯಾಮೆರಾಗಳು ತೋರಿಸಿದ್ದೇನು? ಸಾಮಾನ್ಯ ಹಕ್ಕಿ ರೆಕ್ಕೆಯನ್ನು ಕೆಳಕ್ಕೆ ಬಡಿದಾಗ ಮೇಲೇಳುವ ಬಲ ಪಡೆಯುತ್ತದೆ. ರೆಕ್ಕೆಯನ್ನು ಮೇಲಕ್ಕೆ ಎತ್ತುವಾಗ ಆ ಬಲ ಹೆಚ್ಚೇನೂ ಸಿಗುವುದಿಲ್ಲ. ಹಮ್ಮಿಂಗ್‌ಬರ್ಡ್ ರೆಕ್ಕೆಯನ್ನು ಭುಜದಲ್ಲಿ ತಿರುಗಿಸಿ, ಮಲಗಿಸಿದ 8ರ ಆಕಾರದಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸುತ್ತದೆ. ಹಿಂದಕ್ಕೆ ಬೀಸುವಾಗ ರೆಕ್ಕೆ ಮಗುಚಿಕೊಳ್ಳುವುದರಿಂದ ಆಗಲೂ ಬಲ ಹುಟ್ಟುತ್ತದೆ. 2005ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಅದರ ತೂಕದ ಸುಮಾರು ನಾಲ್ಕನೆಯ ಮೂರು ಪಾಲನ್ನು ಕೆಳ ಬಡಿತವೂ ಉಳಿದ ಪಾಲನ್ನು ಮೇಲಿನ ಬಡಿತವೂ ಹೊರುತ್ತವೆ. ಹೀಗಾಗಿ ಅದು ಗಾಳಿಯಲ್ಲಿ ಒಂದೇ ಕಡೆ ನಿಲ್ಲಬಲ್ಲದು, ಹಿಂದಕ್ಕೂ ಹಾರಬಲ್ಲದು.

ನಮ್ಮ ಸೂರಕ್ಕಿಯನ್ನು ಗಮನಿಸಿ. ಅದೂ ಒಂದೆರಡು ಕ್ಷಣ ರೆಕ್ಕೆ ಬಡಿಯುತ್ತಾ ಹೂವಿನೆದುರು ನಿಲ್ಲುತ್ತದೆ. ಆದರೆ ಅದು ಅದರ ಮೆಚ್ಚಿನ ಕೆಲಸವಲ್ಲ. ಸಾಧ್ಯವಾದಾಗಲೆಲ್ಲ ರೆಂಬೆಯ ಮೇಲೋ ತೊಟ್ಟಿನ ಮೇಲೋ ಕೂತು, ಬೇಕಾದರೆ ತಲೆಕೆಳಗಾಗಿ ಜೋತುಬಿದ್ದು ಕುಡಿಯುತ್ತದೆ. ದೊಡ್ಡ ದಾಸವಾಳದಂಥ ಹೂವಿನಲ್ಲಿ ಮುಂಬಾಗಿಲ ದಾರಿ ದೂರವಾದರೆ ಹೂವಿನ ಬುಡಕ್ಕೇ ಹೊರಗಿನಿಂದ ತೂತು ಕೊರೆದು ರಸ ಎತ್ತಿಬಿಡುತ್ತದೆ. ಹೂವಿಗೆ ಪರಾಗಸ್ಪರ್ಶದ ಲಾಭವಿಲ್ಲ, ಹಕ್ಕಿಗೆ ಊಟ ಸಿಕ್ಕಿತು. ಜೀವಶಾಸ್ತ್ರಜ್ಞರು ಇದನ್ನು ಮಕರಂದದ ಕಳ್ಳತನ ಎಂದೇ ಕರೆಯುತ್ತಾರೆ.

ನಿಜವಾದ ನೆಂಟರು ಯಾರು?

ಹಮ್ಮಿಂಗ್‌ಬರ್ಡ್‌ನ ಹತ್ತಿರದ ನೆಂಟರನ್ನು ನೋಡಬೇಕೆಂದರೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಸಂಜೆ ಮಹಡಿ ಹತ್ತಿ ಆಕಾಶ ನೋಡಿ. ಕುಡುಗೋಲಿನಂಥ ರೆಕ್ಕೆಯ ಕಪ್ಪು ಹಕ್ಕಿಗಳು ಕೀಚಲು ಸದ್ದು ಮಾಡುತ್ತಾ ಗುಂಪಾಗಿ ಸುತ್ತು ಹಾಕುತ್ತಿರುತ್ತವೆ. ಅವು ಬಾನಾಡಿಗಳು. ಹಳೆಯ ಕಟ್ಟಡಗಳ ಸೂರಿನಡಿ, ಸೇತುವೆಗಳ ಕೆಳಗೆ ಗೂಡು ಕಟ್ಟುವ ಈ ಬಾನಾಡಿಗಳೂ ಹಮ್ಮಿಂಗ್‌ಬರ್ಡ್‌ಗಳೂ ಒಂದೇ ಮೂಲದಿಂದ ಕವಲೊಡೆದವು. ಎರಡರಲ್ಲೂ ರೆಕ್ಕೆಯ ತೋಳಿನ ಮೂಳೆ ಗಿಡ್ಡ, ಅಂಗೈ ಭಾಗ ಉದ್ದ, ಕಾಲು ಬಲು ಚಿಕ್ಕದು. ಹಕ್ಕಿಗಳ ವಂಶವೃಕ್ಷವನ್ನು ಡಿ.ಎನ್.ಎ. ಹೋಲಿಸಿ ಬರೆದಾಗಲೂ ಇವೆರಡು ಪಕ್ಕಪಕ್ಕದ ಕೊಂಬೆಗಳಲ್ಲೇ ಕೂರುತ್ತವೆ.

ಸೂರಕ್ಕಿಯ ಕೊಂಬೆಯೇ ಬೇರೆ. ಅದು ಗುಬ್ಬಚ್ಚಿ, ಕಾಗೆ, ಪಿಕಳಾರಗಳಿರುವ ದೊಡ್ಡ ಗುಂಪಿಗೆ ಸೇರಿದ್ದು. ಅಂದರೆ ವಂಶದ ಲೆಕ್ಕದಲ್ಲಿ ನಿಮ್ಮ ದಾಸವಾಳಕ್ಕೆ ಬರುವ ಸೂರಕ್ಕಿಗೆ ಹಮ್ಮಿಂಗ್‌ಬರ್ಡ್‌ಗಿಂತ ಕಸದ ತೊಟ್ಟಿಯ ಬಳಿಯ ಕಾಗೆಯೇ ಹತ್ತಿರ!

ಹಾಗಿದ್ದೂ ಇವೆರಡು ಒಂದೇ ತರಹ ಕಾಣುವುದೇಕೆ? ಒಂದೇ ಕಸುಬು ಒಂದೇ ಬಗೆಯ ಉಪಕರಣವನ್ನು ಕೇಳುತ್ತದೆ. ಆಳವಾದ ಹೂವಿನ ತಳದಲ್ಲಿ ಸಿಹಿ ಇದ್ದರೆ ಅದನ್ನು ತಲುಪಲು ಉದ್ದನೆಯ ಕೊಕ್ಕು ಬೇಕು. ಹೂವಿನ ಗಿಡದ ತೆಳು ರೆಂಬೆಗಳ ನಡುವೆ ಓಡಾಡಲು ಮೈ ಚಿಕ್ಕದಿರಬೇಕು. ಸಾವಿರಾರು ತಲೆಮಾರುಗಳಲ್ಲಿ ಕೊಕ್ಕು ತುಸು ಉದ್ದವಿದ್ದ ಹಕ್ಕಿಗೆ ತುಸು ಹೆಚ್ಚು ಊಟ, ತುಸು ಹೆಚ್ಚು ಮರಿ. ಹೀಗೆ ಬೇರೆ ಬೇರೆ ಮೂಲದ ಜೀವಿಗಳು ಒಂದೇ ರೂಪದ ಕಡೆಗೆ ಸಾಗುವುದಕ್ಕೆ ಒಮ್ಮುಖ ವಿಕಾಸ ಎಂದು ಹೆಸರು. ಮೀನಿಗೂ ಡಾಲ್ಫಿನ್ನಿಗೂ ಈಜುರೆಕ್ಕೆ ಬಂದದ್ದು ಇದೇ ದಾರಿಯಲ್ಲಿ.

ಈ ಹೋಲಿಕೆ ನಾಲಿಗೆಯ ರುಚಿಯವರೆಗೂ ಇಳಿದಿದೆ. ನಮಗೆ ಸಿಹಿ ತಿಳಿಯುವುದು ಎರಡು ಪ್ರೋಟೀನುಗಳು ಸೇರಿ ಆದ ಗ್ರಾಹಕದಿಂದ. ಅದರಲ್ಲೊಂದರ ಜೀನನ್ನು ಹಕ್ಕಿಗಳ ಪೂರ್ವಜರು ಯಾವಾಗಲೋ ಕಳೆದುಕೊಂಡಿದ್ದರು. ಸಿಹಿ ತಿಳಿಯದ ವಂಶದ ಹಮ್ಮಿಂಗ್‌ಬರ್ಡ್ ಮಕರಂದವನ್ನು ಗುರುತಿಸುವುದು ಹೇಗೆ? 2014ರಲ್ಲಿ ಉತ್ತರ ಸಿಕ್ಕಿತು. ಮಾಂಸದ ರುಚಿ ಹಿಡಿಯಲು ಇದ್ದ ಗ್ರಾಹಕವೇ ಹಮ್ಮಿಂಗ್‌ಬರ್ಡ್‌ಗಳಲ್ಲಿ ಬದಲಾಗಿ ಸಕ್ಕರೆಯನ್ನು ಗುರುತಿಸುವಂತಾಗಿದೆ. ಗುಬ್ಬಚ್ಚಿ, ಸೂರಕ್ಕಿಗಳಿರುವ ಹಾಡುಹಕ್ಕಿಗಳ ಗುಂಪಿನಲ್ಲೂ ಇದೇ ಗ್ರಾಹಕ, ಆದರೆ ಬೇರೆ ಬದಲಾವಣೆಗಳ ಮೂಲಕ, ಸಿಹಿಗೆ ಒಗ್ಗಿಕೊಂಡಿದೆ ಎಂದು 2021ರ ಸಂಶೋಧನೆ ತೋರಿಸಿತು. ಒಂದೇ ಬೀಗಕ್ಕೆ ಇಬ್ಬರು ಬಡಗಿಗಳು, ಪರಸ್ಪರ ಗೊತ್ತಿಲ್ಲದೆ, ಎರಡು ಬೀಗದ ಕೈ ಮಾಡಿದಂತಾಯಿತು.

ಇನ್ನು ಆ ಹೊಳಪು. ಸೂರಕ್ಕಿಯ ನೆತ್ತಿಯ ಹಸಿರು, ಹಮ್ಮಿಂಗ್‌ಬರ್ಡ್‌ನ ಕತ್ತಿನ ಕೆಂಡದ ಬಣ್ಣ, ಎರಡೂ ಬಳಿದ ಬಣ್ಣವಲ್ಲ. ಮಳೆ ನಿಂತ ಮೇಲೆ ರಸ್ತೆಯ ನೀರಿನಲ್ಲಿ ಪೆಟ್ರೋಲ್ ಹನಿ ಬಿದ್ದು ಕಾಮನಬಿಲ್ಲಿನ ಬಣ್ಣ ಹರಡುವುದನ್ನು ನೋಡಿದ್ದೀರಲ್ಲ? ಪೆಟ್ರೋಲಿಗೆ ಆ ಬಣ್ಣಗಳಿಲ್ಲ. ಅದರ ತೆಳು ಪದರದ ಮೇಲ್ಮೈಯಿಂದ ಮರಳಿದ ಬೆಳಕೂ ತಳದಿಂದ ಮರಳಿದ ಬೆಳಕೂ ಸೇರಿದಾಗ ಕೆಲವು ಬಣ್ಣ ಹೆಚ್ಚುತ್ತವೆ, ಕೆಲವು ಅಳಿಯುತ್ತವೆ. ನೀವು ಪಿ.ಯು.ಸಿ. ಭೌತಶಾಸ್ತ್ರದಲ್ಲಿ ಓದುವ ವ್ಯತಿಕರಣ ಇದೇ. ಗರಿಯ ಸೂಕ್ಷ್ಮ ಎಳೆಗಳಲ್ಲಿ ಮೆಲನಿನ್ ಮತ್ತು ಕೆರಾಟಿನ್‌ಗಳ ಅಂಥದೇ ತೆಳು ಪದರಗಳಿವೆ. ಹಕ್ಕಿ ತಲೆ ತಿರುಗಿಸಿದರೆ ಬೆಳಕಿನ ಕೋನ ಬದಲಾಗಿ ಹಸಿರು ಇದ್ದದ್ದು ಕಪ್ಪಾಗುತ್ತದೆ.

ಮೋಡದ ಕಾಡು: ಅಲ್ಲಿಯದು, ಇಲ್ಲಿಯದು

ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿ ಆಂಡೀಸ್ ಪರ್ವತಶ್ರೇಣಿ ಇದೆ. ಸಮುದ್ರದಿಂದಲೂ ಅಮೆಜಾನ್ ಕಡೆಯಿಂದಲೂ ಬರುವ ತೇವದ ಗಾಳಿ ಅದರ ಇಳಿಜಾರನ್ನು ಏರುತ್ತಾ ತಣಿದು, ಕಾಡಿನ ಮಟ್ಟದಲ್ಲೇ ಮೋಡವಾಗುತ್ತದೆ. ಮರಗಳೆಲ್ಲ ಪಾಚಿ ಹೊದ್ದು, ಎಲೆಗಳಿಂದ ಸದಾ ನೀರು ತೊಟ್ಟಿಕ್ಕುವ ಈ ಮೋಡದ ಕಾಡುಗಳು ಹಮ್ಮಿಂಗ್‌ಬರ್ಡ್‌ಗಳ ತವರು. ಅಲ್ಲಿನ ಒಂದು ಜಾತಿಗೆ ಖಡ್ಗಕೊಕ್ಕಿನ ಹಮ್ಮಿಂಗ್‌ಬರ್ಡ್ ಎಂದು ಕರೆಯಬಹುದು. ವೆನೆಜುವೆಲಾದಿಂದ ಬೊಲಿವಿಯಾವರೆಗೆ, ಹೆಚ್ಚಾಗಿ 2,400 ಮೀಟರಿಗೂ ಮೇಲೆ ವಾಸ. ಕೊಕ್ಕಿನ ಉದ್ದ ಸುಮಾರು 10 ಸೆಂಟಿಮೀಟರ್. ಬಾಲವನ್ನು ಬಿಟ್ಟು ಲೆಕ್ಕ ಹಾಕಿದರೆ ಕೊಕ್ಕು ಮೈಗಿಂತಲೂ ಉದ್ದವಿರುವ ಹಕ್ಕಿ ಲೋಕದಲ್ಲಿ ಇದೊಂದೇ. ನಮ್ಮ ಕೃಷ್ಣಕಮಲದ ಬಳ್ಳಿಯ ದಾಯಾದಿಗಳಾದ ಕೆಲವು ಬಳ್ಳಿಗಳು ಅಲ್ಲಿ ಅಷ್ಟೇ ಉದ್ದದ ಕೊಳವೆ ಹೂ ಬಿಡುತ್ತವೆ. ಆ ಹೂವಿನ ತಳ ಮುಟ್ಟಲು ಈ ಹಕ್ಕಿಗೆ ಮಾತ್ರ ಸಾಧ್ಯ. ಹಕ್ಕಿ ಅಳಿದರೆ ಬಳ್ಳಿಗೆ ಬೀಜವಿಲ್ಲ. ಇಂಥ ಕೊಕ್ಕಿನಿಂದ ತನ್ನ ಗರಿ ತೀಡಿಕೊಳ್ಳುವುದು ಆಗದ ಮಾತು. ಅದಕ್ಕೆ ಕಾಲಿನಿಂದಲೇ ಕೆರೆದುಕೊಳ್ಳುತ್ತದೆ.

ಆ ಎತ್ತರದಲ್ಲಿ ರಾತ್ರಿಯ ಚಳಿ ದೊಡ್ಡ ಗಂಡಾಂತರ. ಹಾರುವಾಗ ನಿಮಿಷಕ್ಕೆ ಸಾವಿರ ಸಲ ಬಡಿಯಬಲ್ಲ ಹೃದಯದ ಈ ಪುಟ್ಟ ದೇಹ ರಾತ್ರಿಯಿಡೀ ಬಿಸಿಯಾಗಿರಬೇಕಾದರೆ ಬೆಳಗಾಗುವಷ್ಟರಲ್ಲಿ ಹಸಿವಿನಿಂದ ಸಾಯಬೇಕು. ಅದಕ್ಕೆ ಅದು ಕಂಡುಕೊಂಡ ಉಪಾಯ ರಾತ್ರಿ ಮೈಯ ಒಲೆಯನ್ನೇ ಆರಿಸಿಬಿಡುವುದು. ಪೆರು ದೇಶದ ಆಂಡೀಸ್‌ನಲ್ಲಿ ಸುಮಾರು 3,800 ಮೀಟರ್ ಎತ್ತರದಲ್ಲಿ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಬ್ಲ್ಯಾಕ್ ಮೆಟಲ್‌ಟೇಲ್ ಎಂಬ ಹಮ್ಮಿಂಗ್‌ಬರ್ಡ್‌ನ ಮೈಶಾಖ ರಾತ್ರಿಯಲ್ಲಿ 3.3 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದು ಅದರಲ್ಲಿ ದಾಖಲಾಗಿದೆ. ಹಗಲಿನಲ್ಲಿ ಅದೇ ಮೈ 40 ಡಿಗ್ರಿಯ ಆಸುಪಾಸು. ಬೆಳಗಿನ ಜಾವ ಮೈ ನಡುಗಿಸಿ ಬಿಸಿ ಮಾಡಿಕೊಂಡು ಹಕ್ಕಿ ಮತ್ತೆ ಹೂವಿನ ಕಡೆ ಹೊರಡುತ್ತದೆ.

ಮೋಡದ ಕಾಡು ನಮ್ಮಲ್ಲೂ ಇದೆ. ಅದನ್ನು ನಾವು ಶೋಲಾ ಎನ್ನುತ್ತೇವೆ. ಬಾಬಾಬುಡನ್‌ಗಿರಿ, ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಕುದುರೆಮುಖ, ಬ್ರಹ್ಮಗಿರಿ, ಬಿಳಿಗಿರಿರಂಗನ ಬೆಟ್ಟ. ಇಲ್ಲೆಲ್ಲ ಬೋಳು ಹುಲ್ಲುಬೆಟ್ಟಗಳ ಮಡಿಲಲ್ಲಿ, ಕಣಿವೆಯ ಮಡಿಕೆಗಳಲ್ಲಿ ಗಿಡ್ಡ ಮರಗಳ ದಟ್ಟ ಕಾಡು ಅಡಗಿ ಕೂತಿರುತ್ತದೆ. ಮುಂಗಾರಿನಲ್ಲಿ ವಾರಗಟ್ಟಲೆ ಮಂಜು ಕವಿದಿರುತ್ತದೆ. ಈ ಹುಲ್ಲು ಮತ್ತು ಶೋಲಾ ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ತೊರೆಗಳಿಗೆ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಕುದುರೆಮುಖ ಶ್ರೇಣಿಯಲ್ಲಿ. ಕಾವೇರಿ ಹುಟ್ಟುವುದು ಕೊಡಗಿನ ಬ್ರಹ್ಮಗಿರಿಯ ತಪ್ಪಲಿನಲ್ಲಿ. 1974ರಲ್ಲಿ ಮೊದಲ ಹಂತದ ಯೋಜನೆಯ ಮೂಲಕ ಸುಮಾರು 100 ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಬಂದದ್ದು ಅದೇ ಕಾವೇರಿ. ಜಯನಗರದ ನಲ್ಲಿ ತಿರುಗಿಸಿದಾಗ ನೀವು ಆ ಮಂಜಿನ ಕಾಡಿಗೂ ಋಣಿಗಳು.

ಆ ಕಾಡಿನ ಸೂರಕ್ಕಿ ನಮ್ಮ ಕಾಂಪೌಂಡಿನದಕ್ಕಿಂತಲೂ ಪುಟ್ಟದು. ಹೆಸರು ಕೆಂಪು ಬೆನ್ನಿನ ಸೂರಕ್ಕಿ. ಉದ್ದ ಸುಮಾರು 8 ಸೆಂಟಿಮೀಟರ್. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಅದಕ್ಕೆ ಬೇರೆ ಮನೆಯಿಲ್ಲ. ಹೂ ಅರಳುವ ಕಾಲ ನೋಡಿಕೊಂಡು ಬೆಟ್ಟದ ಮೇಲಕ್ಕೂ ತಗ್ಗಿಗೂ ಓಡಾಡುತ್ತದೆ. ಮಲೆನಾಡಿನ ಕಾಫಿ ತೋಟ, ಅಡಿಕೆ ತೋಟಗಳಲ್ಲೂ ಕಾಣುತ್ತದೆ.

ಈ ಹಕ್ಕಿಗೂ ಕಾಡಿಗೂ ಇರುವ ನಂಟಿಗೆ ಒಂದು ಉದಾಹರಣೆ ಬಂದಳಿಕೆ. ಮಾವಿನ ಮರದ ಕೊಂಬೆಯ ಮೇಲೆ ಬೇರೆಯದೇ ಎಲೆಯ ಗಿಡವೊಂದು ಬೆಳೆದಿರುವುದನ್ನು ನೀವು ನೋಡಿರಬಹುದು. ಅದು ಮರದ ರಸಕ್ಕೆ ಬೇರಿಳಿಸಿ ಬದುಕುವ ಗಿಡ. ಹಲವು ಬಂದಳಿಕೆಗಳ ಹೂವು ತಾನಾಗಿ ಸುಲಭಕ್ಕೆ ಅರಳುವುದಿಲ್ಲ. ಬಲಿತ ಮೊಗ್ಗನ್ನು ಹಕ್ಕಿ ಕೊಕ್ಕಿನಿಂದ ಒತ್ತಿದಾಗ ಫಟ್ಟನೆ ಬಿರಿದು ಪರಾಗ ಅದರ ತಲೆಗೆ ಸಿಡಿಯುತ್ತದೆ. ನೀಲಗಿರಿಯಲ್ಲಿ 1980ರ ದಶಕದಲ್ಲಿ ಪ್ರಿಯಾ ದವಿದಾರ್ ಅವರು ಬಂದಳಿಕೆಗಳಿಗೂ ಹಕ್ಕಿಗಳಿಗೂ ಇರುವ ಈ ಕೊಡುಕೊಳ್ಳುವಿಕೆಯನ್ನು ವಿವರವಾಗಿ ಅಧ್ಯಯನ ಮಾಡಿದರು. ಹೂವು ಸೂರಕ್ಕಿಗೆ ಬೇಕು, ಹಣ್ಣು ಬದನಿಕೆ ಹಕ್ಕಿಗೆ ಬೇಕು. ಒಂದು ಪರಾಗ ಸಾಗಿಸುತ್ತದೆ, ಇನ್ನೊಂದು ಬೀಜ ಬಿತ್ತುತ್ತದೆ. ಬದನಿಕೆ ಹಕ್ಕಿ ದಕ್ಷಿಣ ಬೆಂಗಳೂರಿನಲ್ಲೂ ಇದೆ. ಸೂರಕ್ಕಿಗಿಂತ ಚಿಕ್ಕದು, ಬಣ್ಣ ಮಾಸಲು, ದನಿ ಮಾತ್ರ ಚಿಕ್ ಚಿಕ್ ಎಂದು ಚುರುಕು.

ಅಮೆರಿಕದ ಹೂವು, ಕನ್ನಡನಾಡಿನ ಹಕ್ಕಿ

ಈಗ ಮತ್ತೆ ನಿಮ್ಮ ಬೀದಿಗೆ ಬನ್ನಿ. ಕಾಂಪೌಂಡ್ ಗೋಡೆಯ ಬದಿಗೆ ಏನೇನು ಗಿಡಗಳಿವೆ? ಅರಳದೆ ಮೆಣಸಿನಕಾಯಿಯ ಹಾಗೆ ಮುಚ್ಚಿಕೊಂಡೇ ಜೋತಾಡುವ ಕೆಂಪು ದಾಸವಾಳ. ಕಿತ್ತಳೆಗೆಂಪು ಕೊಳವೆ ಹೂಗಳ ಹಮೇಲಿಯ. ಜುಂಜುರು ಕಡ್ಡಿಗಳ ತುದಿಗೆ ಪಟಾಕಿಯಂತೆ ಕೆಂಪು ಹೂ ಬಿಡುವ ರಸ್ಸೇಲಿಯ. ಬಾಳೆಯಂಥ ಎಲೆಯ ಹೆಲಿಕೋನಿಯ. ಇವೆಲ್ಲ ಅಮೆರಿಕ ಖಂಡದ ಮೂಲದವು. ಲಾಲ್‌ಬಾಗಿಗೆ 1760ರಲ್ಲಿ ಹೈದರಾಲಿ ಅಡಿಪಾಯ ಹಾಕಿದ ಕಾಲದಿಂದ ಈ ಊರಿಗೆ ಹೊರದೇಶದ ಗಿಡಗಳು ಬರುತ್ತಲೇ ಇವೆ.

ಹೂವಿನ ಆಕಾರವನ್ನು ಗಮನಿಸಿ. ಕೆಂಪು ಬಣ್ಣ, ಉದ್ದನೆಯ ಕೊಳವೆ, ವಾಸನೆಯಿಲ್ಲ, ರಸ ಧಾರಾಳ. ಜೇನ್ನೊಣಕ್ಕೆ ಕೆಂಪು ಚೆನ್ನಾಗಿ ಕಾಣುವುದಿಲ್ಲ, ಹಕ್ಕಿಗೆ ಕಾಣುತ್ತದೆ. ಹಕ್ಕಿಯನ್ನು ಕರೆಯಲು ಬಣ್ಣ ಸಾಕು, ಪರಿಮಳ ಬೇಕಿಲ್ಲ. ಈ ಹೂಗಳು ಹೀಗೆ ರೂಪುಗೊಂಡದ್ದು ಹಮ್ಮಿಂಗ್‌ಬರ್ಡ್‌ಗಳ ಜೊತೆಯಲ್ಲಿ ಲಕ್ಷಾಂತರ ವರ್ಷ ಬಾಳಿದ್ದರಿಂದ. ಗಾಳಿಯಲ್ಲಿ ನಿಲ್ಲಬಲ್ಲ ಹಕ್ಕಿಗೆ ಕೂರಲು ಜಾಗ ಬೇಡ. ಆದ್ದರಿಂದ ಅಂಥ ಎಷ್ಟೋ ಹೂಗಳು ತೆರೆದ ಗಾಳಿಗೆ ಚಾಚಿ ತೂಗಾಡುತ್ತವೆ.

ಸೂರಕ್ಕಿಗಳಿಗಾಗಿ ರೂಪುಗೊಂಡ ಹೂ ಹೇಗಿರುತ್ತದೆ? ದಕ್ಷಿಣ ಆಫ್ರಿಕದಲ್ಲಿ ಬಾಬಿಯಾನ ಎಂಬ ಗಿಡವೊಂದಿದೆ. ಅದರ ಹೂ ನೆಲದ ಮಟ್ಟದಲ್ಲಿ. ಹೂವಿನ ಮೇಲೆ ಹೂ ಬಿಡದ ಒಂದು ಗಟ್ಟಿ ಕಡ್ಡಿ ನೆಟ್ಟಗೆ ನಿಂತಿರುತ್ತದೆ. ಸೂರಕ್ಕಿ ಬಂದು ಆ ಕಡ್ಡಿ ಹಿಡಿದು ತಲೆಕೆಳಗಾಗಿ ಬಾಗಿ ಕುಡಿಯುತ್ತದೆ. ಕಡ್ಡಿ ಮುರಿದು ನೋಡಿದಾಗ ಗಿಡದ ಸಂತಾನಕ್ಕೇ ಪೆಟ್ಟು ಬಿತ್ತು ಎಂದು 2005ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅತಿಥಿಗೆ ಮಣೆ ಹಾಕುವ ಗಿಡ ಅದು! ನಮ್ಮ ಮುತ್ತುಗ, ಬೂರುಗ, ಹಾಲುವಾಣಗಳ ಗಟ್ಟಿ ರೆಂಬೆಗಳೂ ಹಕ್ಕಿಗೆ ಕೂರಲು ಸಾಕಷ್ಟು ಜಾಗ ಕೊಡುತ್ತವೆ.

ಹೀಗೆ ಜಯನಗರದ ಕಾಂಪೌಂಡಿನಲ್ಲಿ ಒಂದು ವಿಚಿತ್ರ ಭೇಟಿ ನಡೆಯುತ್ತದೆ. ಹೂವು ಕಾಯುತ್ತಿರುವುದು ಹಮ್ಮಿಂಗ್‌ಬರ್ಡ್‌ಗೆ, ಬಂದದ್ದು ಸೂರಕ್ಕಿ. ಸೂರಕ್ಕಿ ಪಕ್ಕದ ಕಡ್ಡಿಗೆ ಜೋತುಬಿದ್ದು ಹೇಗೋ ಹೊಂದಿಸಿಕೊಂಡು ಕುಡಿಯುತ್ತದೆ, ಇಲ್ಲವೆ ಬುಡಕ್ಕೆ ತೂತು ಕೊರೆಯುತ್ತದೆ. ನೀವು ಅದನ್ನು ಹಮ್ಮಿಂಗ್‌ಬರ್ಡ್ ಎಂದು ಭ್ರಮಿಸಿದ್ದರಲ್ಲಿ ಹೂವಿನ ಪಾಲೂ ಇದೆ ಎಂದರೆ ತಪ್ಪಲ್ಲ.

ಇನ್ನೊಂದು ಅಚ್ಚರಿ ಹೇಳಿಬಿಡುತ್ತೇನೆ. ಹಮ್ಮಿಂಗ್‌ಬರ್ಡ್‌ಗಳು ಯಾವಾಗಲೂ ಅಮೆರಿಕಕ್ಕೇ ಸೀಮಿತವಾಗಿರಲಿಲ್ಲ. ಜರ್ಮನಿಯ ಜೇಡಿಮಣ್ಣಿನ ಗಣಿಯೊಂದರಲ್ಲಿ ದೊರೆತ 3 ಕೋಟಿ ವರ್ಷಕ್ಕೂ ಹಳೆಯ ಪಳೆಯುಳಿಕೆಯನ್ನು 2004ರಲ್ಲಿ ಗೆರಾಲ್ಡ್ ಮಾಯರ್ ಎಂಬ ವಿಜ್ಞಾನಿ ವಿವರಿಸಿದರು. ಉದ್ದ ಕೊಕ್ಕು, ಗಿಡ್ಡ ತೋಳಿನ ಮೂಳೆ. ಇಂದಿನ ಹಮ್ಮಿಂಗ್‌ಬರ್ಡ್‌ನ ತದ್ರೂಪು. ಅಂದರೆ ಹಳೆಯ ಜಗತ್ತಿನಲ್ಲೂ ಅವು ಒಮ್ಮೆ ಇದ್ದವು, ಆಮೇಲೆ ಅಳಿದವು. ಇಷ್ಟು ಚೆನ್ನಾಗಿ ಒಗ್ಗಿಕೊಂಡ ಹಕ್ಕಿಯೂ ಒಂದು ಇಡೀ ಭೂಭಾಗದಿಂದ ಮಾಯವಾಗಬಹುದು ಎಂಬುದನ್ನು ನಾವು ನೆನಪಿಡಬೇಕು.

ನಿಮ್ಮ ಕೈಯಲ್ಲಿ ಇರುವುದು

ಸೂರಕ್ಕಿ ಇಂದು ಅಪಾಯದ ಅಂಚಿನಲ್ಲಿರುವ ಹಕ್ಕಿಯಲ್ಲ. ಆದರೆ ಅದರ ಜಾಗ ಕಿರಿದಾಗುತ್ತಿರುವುದು ನಿಮ್ಮ ಕಣ್ಣೆದುರಿಗೇ ಇದೆ. ಕಾಂಪೌಂಡಿನ ಸುತ್ತ ಹೂಗಿಡವಿದ್ದ ಮನೆ ಕೆಡವಿ, ಗೋಡೆಯಿಂದ ಗೋಡೆಗೆ ಕಟ್ಟಡ ಏಳಿಸಿ, ಉಳಿದ ಜಾಗಕ್ಕೆ ಕಾರು ನಿಲ್ಲಿಸಲು ಕಾಂಕ್ರೀಟು ಹಾಕಿದರೆ ಅಲ್ಲಿ ಸೂರಕ್ಕಿಗೆ ಹೂವೂ ಇಲ್ಲ, ಹುಳುವೂ ಇಲ್ಲ. ಹುಳುವಿನ ಮಾತು ಏಕೆಂದರೆ ಮರಿಗಳು ಮಕರಂದದಿಂದ ಮಾತ್ರ ಬೆಳೆಯಲಾರವು. ಸಕ್ಕರೆ ನೀರಿನಲ್ಲಿ ಪ್ರೋಟೀನಿಲ್ಲ. ತಾಯಿ ತಂದೆ ಅವಕ್ಕೆ ಜೇಡ, ಕಂಬಳಿಹುಳು, ಸಣ್ಣ ಕೀಟ ತಂದು ತಿನ್ನಿಸಬೇಕು. ಗಿಡಕ್ಕೆಲ್ಲ ಕೀಟನಾಶಕ ಹೊಡೆದು ಹಕ್ಕಿ ಬರಲಿಲ್ಲವೆಂದರೆ ಅದರ ತಪ್ಪಲ್ಲ.

ಗೂಡು ಕಟ್ಟುವುದಕ್ಕೂ ಜೇಡ ಬೇಕು. ಹೆಣ್ಣು ಸೂರಕ್ಕಿ ನಾರು, ಒಣ ಎಲೆಚೂರುಗಳನ್ನು ಜೇಡರ ಬಲೆಯಿಂದ ಹೊಲಿದು ಜೋಲುವ ಚೀಲದಂಥ ಗೂಡು ಮಾಡುತ್ತದೆ. ಹೊರಗೆ ತೊಗಟೆಯ ಚೂರು, ಕಂಬಳಿಹುಳುವಿನ ಹಿಕ್ಕೆ ಅಂಟಿಸುತ್ತದೆ. ನೋಡಿದವರಿಗೆ ಬಲೆ ಕಟ್ಟಿದ ಕಸ ಎನಿಸಬೇಕು, ಅದೇ ಅದರ ಉಪಾಯ. ಬಾಗಿಲಿನ ಮೇಲೆ ಪುಟ್ಟ ಸಜ್ಜ ಕೂಡ ಇರುತ್ತದೆ. ಬಟ್ಟೆ ಒಣಹಾಕುವ ತಂತಿ, ವರಾಂಡದ ಬಳ್ಳಿ, ವಿದ್ಯುತ್ ದೀಪದ ವೈರು, ಎಲ್ಲೆಂದರಲ್ಲಿ ಕಟ್ಟಬಹುದು. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಎರಡು ವಾರ, ಮರಿ ಹಾರಲು ಮತ್ತೆ ಎರಡೂವರೆ ವಾರ. ಅಂದರೆ ಮೊಟ್ಟೆ ಇಟ್ಟ ಮೇಲೆ ಒಂದು ತಿಂಗಳ ಮಾತು. ಹಬ್ಬದ ಹಿಂದಿನ ದಿನ ಮನೆಯವರು ಬಲೆ ತೆಗೆಯುವಾಗ ಈ ಕಸ ಕಸವಲ್ಲ ಎಂದು ಹೇಳುವ ಒಬ್ಬರು ಮನೆಯಲ್ಲಿದ್ದರೆ ಸಾಕು. ಆ ಒಬ್ಬರು ನೀವಾಗಿ. ಗೂಡನ್ನು ಮುಟ್ಟುವುದು, ಮೊಟ್ಟೆ ಎತ್ತುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ಸಲ್ಲದು.

ಗಂಡು ಸೂರಕ್ಕಿ ಸ್ಕೂಟರಿನ ಕನ್ನಡಿಗೆ ಕುಕ್ಕುತ್ತಾ ಹೊಡೆದಾಡುವುದನ್ನು ಕಂಡರೆ ನಗಬೇಡಿ. ಕನ್ನಡಿಯಲ್ಲಿ ಕಾಣುವುದು ತನ್ನ ಎಲ್ಲೆಗೆ ನುಗ್ಗಿದ ಶತ್ರು ಎಂದೇ ಅದು ತಿಳಿದಿದೆ. ಕನ್ನಡಿಗೆ ಒಂದು ಬಟ್ಟೆ ಚೀಲ ಹೊದಿಸಿ. ಹಕ್ಕಿಯ ಶಕ್ತಿ ಮರಿಗಳಿಗಾಗಿ ಉಳಿಯುತ್ತದೆ.

ಕೊನೆಯದಾಗಿ ಒಂದು ಮನೆಗೆಲಸ. ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಿ. ನಿಮ್ಮ ಮನೆಯ ಅಥವಾ ಶಾಲೆಯ ಅಂಗಳದ ಒಂದೇ ಹೂಗಿಡವನ್ನು ಆರಿಸಿ, ವಾರಕ್ಕೆ ಎರಡು ದಿನ, ಬೆಳಿಗ್ಗೆ 7ರಿಂದ 7.30ರವರೆಗೆ ನೋಡಿ. ಐದು ಅಂಕಣ ಎಳೆಯಿರಿ: ಬಂದದ್ದು ಯಾವ ಸೂರಕ್ಕಿ, ಗಂಡೋ ಹೆಣ್ಣೋ, ಕೂತು ಕುಡಿಯಿತೋ ಹಾರುತ್ತಾ ಕುಡಿಯಿತೋ, ಹೂವಿನ ಬಾಯಿಂದಲೋ ಬುಡದ ತೂತಿನಿಂದಲೋ, ಗಿಡ ನಮ್ಮ ನಾಡಿನದೋ ಅಮೆರಿಕದ್ದೋ. ಎರಡು ತಿಂಗಳಲ್ಲಿ ನಿಮ್ಮ ಬಳಿ ಸ್ವಂತ ಅಂಕಿ ಅಂಶ ಇರುತ್ತದೆ. ಅಮೆರಿಕದ ಹೂಗಳಿಗೆ ತೂತು ಕೊರೆಯುವುದು ಹೆಚ್ಚೋ ನಮ್ಮ ಹೂಗಳಿಗೆ ಹೆಚ್ಚೋ ಎಂಬುದಕ್ಕೆ ನಿಮ್ಮ ಬೀದಿಯ ಉತ್ತರ ನಿಮಗೇ ಸಿಗುತ್ತದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಜನ ತಮ್ಮ ಹಿತ್ತಿಲಿನ ಹಕ್ಕಿ ಎಣಿಸುತ್ತಾರೆ. 2013ರಿಂದ ಭಾರತದವರೂ ಸೇರಿಕೊಂಡಿದ್ದಾರೆ. ನಿಮ್ಮ ಎಣಿಕೆಯೂ ಅಲ್ಲಿಗೆ ಸೇರಬಹುದು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ದಂಡೆ, ಬಿ.ಟಿ.ಎಂ. ಬಡಾವಣೆಯ ಪಕ್ಕದ ಮಡಿವಾಳ ಕೆರೆ, ತುರಹಳ್ಳಿಯ ಕಾಡು, ಲಾಲ್‌ಬಾಗ್ ಎಲ್ಲವೂ ನಿಮಗೆ ಹತ್ತಿರದಲ್ಲೇ ಇವೆ.

ಮುಂದಿನ ಸಲ ಪತ್ರ ಬರೆಯುವಾಗ "ಹಮ್ಮಿಂಗ್‌ಬರ್ಡ್ ಬಂದಿತ್ತು" ಎಂದು ಬರೆಯದೆ, "ಗಂಡು ಲೋಟನ್ ಸೂರಕ್ಕಿ ಬಂದಿತ್ತು, ರಸ್ಸೇಲಿಯದ ಕಡ್ಡಿಗೆ ಜೋತುಬಿದ್ದು ಕುಡಿಯಿತು, ಸಮಯ 7 ಗಂಟೆ 12 ನಿಮಿಷ" ಎಂದು ಬರೆಯಿರಿ. ಜೊತೆಗೆ ನೋಟ್‌ಪುಸ್ತಕದ ಒಂದು ಪುಟದ ಪ್ರತಿಯನ್ನೂ ಇಡಿ.